ಹದಿನಾಲ್ಕನೇ ನಂಬರಿನ ಪಾರ್ಸೆಲ್

ರಸೆಲ್ ಹಾಲೆಟ್ ನಮ್ಮ ಲಿನೆಟ್ ಕ್ಲೋಸ್ ರಸ್ತೆಯ ಹದಿನಾಲ್ಕನೇ ನಂಬರಿಗೆ ಬಂದಾಗ ಅವನಿಗೆ ನಲವತ್ತಾರು ವರ್ಷ. ಲಂಡನ್ನಿನಲ್ಲಿ ಅವನೂ ಹೆಂಡತಿಯೂ ಬೇರೆಯಾಗಿ, ಇದ್ದ ಫ್ಲ್ಯಾಟನ್ನು ಮಾರಿ ಅರ್ಧರ್ಧ ಹಂಚಿಕೊಂಡಿದ್ದರು. ಆ ಅರ್ಧಕ್ಕೆ ಅಲ್ಲಿ ಒಂದು ಕೋಣೆಯೂ ಸಿಗುವಂತಿರಲಿಲ್ಲ. ಸ್ಟೋಕ್ ಊರಿನ ಅಂಚಿನಲ್ಲಿರುವ ನಮ್ಮ ಥಾರ್ನ್‌ಲೀ ಬಡಾವಣೆಯಲ್ಲಿ ಮೂರು ಮಲಗುವ ಕೋಣೆಗಳ ಮನೆ, ಮುಂದೆ ಕಾರು ನಿಲ್ಲಿಸುವಷ್ಟು ಜಾಗ, ಹಿಂದೆ ಒಂದು ತುಂಡು ಹುಲ್ಲು ಸಿಕ್ಕಿತು. ನಾವೆಲ್ಲ ಇಲ್ಲಿಗೆ ಬಂದದ್ದೂ ಹೀಗೆಯೇ. ಮೆಚ್ಚಿ ಬಂದವರು ಯಾರೂ ಇಲ್ಲ. ಕೈಗೆಟುಕಿತು ಎಂದು ಬಂದವರು.

ಮೂರು ಕೋಣೆ ಅವನಿಗೆ ಬೇಕಾಗಿದ್ದುದು ಮಗಳು ಇಮೊಜೆನ್‌ಗಾಗಿ. ಹದಿನೈದರ ಹುಡುಗಿ ರಜೆಯಲ್ಲಿ ಬಂದು ಇರಲಿ ಎಂದು ಮಹಡಿಯ ಹಿಂಬದಿ ಕೋಣೆಗೆ ಅವಳು ಹೇಳಿದ ಹಸಿರು ಬಣ್ಣವನ್ನೇ ಬಳಿಸಿದ. ಅವಳು ಮೂರು ಸಲ ಬಂದಳು. ಮೂರನೆಯ ಸಲ ಕಿಟಕಿಯಿಂದ ರಸ್ತೆ ನೋಡುತ್ತಾ, “ಇಲ್ಲಿ ಹೋಗೋಕೆ ಅಂತ ಎಲ್ಲೂ ಇಲ್ವಲ್ಲಪ್ಪಾ” ಅಂದಳಂತೆ. ಸುಳ್ಳೇನೂ ಅಲ್ಲ. ಒಂದು ಅಂಗಡಿ, ಒಂದು ಮೀನು-ಚಿಪ್ಸ್ ಅಂಗಡಿ, ಗಂಟೆಗೊಂದು ಬಸ್ಸು. ಇಮೊಜೆನ್ ಈಗ ಬ್ರಿಸ್ಟಲ್‌ನಲ್ಲಿ ನರ್ಸ್. ಕ್ರಿಸ್‌ಮಸ್‌ಗೆ ಅವಳ ಕಾರ್ಡು ಬರುತ್ತದೆ.

ನಮ್ಮ ರಸ್ತೆ ಬೆಳಿಗ್ಗೆ ಎಂಟಕ್ಕೆಲ್ಲ ಖಾಲಿ. ಕಾರುಗಳು ಒಂದರ ಹಿಂದೊಂದು ಹೊರಟುಹೋಗುತ್ತವೆ, ಸಂಜೆ ಹಾಗೆಯೇ ಹಿಂದಿರುಗುತ್ತವೆ, ಪರದೆಗಳು ಮುಚ್ಚಿಕೊಳ್ಳುತ್ತವೆ. ಪಕ್ಕದ ಮನೆಯವರು ಮನೆಯಲ್ಲಿದ್ದಾರೆ ಎಂಬುದು ಗೋಡೆಯಾಚೆ ನಲ್ಲಿ ತಿರುಗಿಸಿದ ಸದ್ದಿನಿಂದ ತಿಳಿಯಬೇಕು. ರಸೆಲ್‌ಗೆ ಬ್ರೆಡ್ ಕಾರ್ಖಾನೆಯಲ್ಲಿ ಮುಂಜಾನೆಯ ಪಾಳಿ. ಮಧ್ಯಾಹ್ನ ಒಂದಕ್ಕೆಲ್ಲ ಮನೆಯಲ್ಲಿರುತ್ತಿದ್ದ. ಆ ಹೊತ್ತಿಗೆ ಇಡೀ ರಸ್ತೆಯಲ್ಲಿ ಬಾಗಿಲು ತೆರೆಯುವ ಮನುಷ್ಯ ಅವನೊಬ್ಬನೇ.

ಪಾರ್ಸೆಲ್‌ಗಳು ಶುರುವಾದದ್ದು ಹಾಗೆ. ಅವನು ಬಂದು ಎರಡು ಮೂರು ವರ್ಷವಾಗಿರಬೇಕು, ಒಂದು ಮಳೆಯ ದಿನ ಯೊಲಾಂಟಾ ಎಂಬ ಪೋಲೆಂಡಿನ ಹೆಂಗಸು, ನಮ್ಮ ಕಡೆಗೆ ವ್ಯಾನಿನಲ್ಲಿ ಸಾಮಾನು ತಂದುಕೊಡುವವಳು, ಹನ್ನೊಂದನೇ ನಂಬರಿನವರು ಇಲ್ಲ, ಇದನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ಅವನು ಇಟ್ಟುಕೊಂಡ. ಸಂಜೆ ಹನ್ನೊಂದನೇ ನಂಬರಿನವರು ಬಂದು ಬಾಗಿಲು ತಟ್ಟಿದರು. ತಿಂಗಳೊಪ್ಪತ್ತಿನಲ್ಲಿ ಅರ್ಧ ರಸ್ತೆಯ ಪೊಟ್ಟಣಗಳು ಅವನ ಮನೆಯಲ್ಲೇ ಇಳಿಯತೊಡಗಿದವು. ಬಾಗಿಲ ಒಳಗೆ ಒಂದು ಹಲಗೆ ಹೊಡೆದು ಅವುಗಳನ್ನು ಮನೆ ನಂಬರಿನ ಪ್ರಕಾರ ಜೋಡಿಸಿಡುತ್ತಿದ್ದ. ನಾವು ಅವನ ಮನೆಗೆ ತಮಾಷೆಯಾಗಿ ಪೋಸ್ಟಾಫೀಸು ಎನ್ನುತ್ತಿದ್ದೆವು. ಏಳನೇ ನಂಬರಿನವಳು ಬಸುರಿ ಎಂಬುದು ಅವಳ ಅತ್ತೆಗಿಂತ ಮೊದಲು ತನಗೆ ಗೊತ್ತಾಯಿತೆಂದು, ಅವಳ ಹೆಸರಿಗೆ ಬಂದಿದ್ದ ತೊಟ್ಟಿಲಿನ ಪೆಟ್ಟಿಗೆ ನೆನೆಸಿಕೊಂಡು ಅವನೇ ಒಮ್ಮೆ ನನಗೆ ಹೇಳಿ ನಕ್ಕಿದ್ದ.

ಸಂಜೆ ಐದೂವರೆಗೆ ಅವನು ಮುಖ ತೊಳೆದು ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದ, ಇಬ್ಬರಿಗಾಗುವಷ್ಟು ಟೀ ನೀರನ್ನು ಕೆಟಲ್‌ಗೆ ತುಂಬಿಡುತ್ತಿದ್ದ. ಇದು ನನಗೆ ಆಮೇಲೆ ತಿಳಿದದ್ದು. ಆಗ ನಾವು ಯಾರೂ ಆ ನೀರಿನ ಬಗ್ಗೆ ಯೋಚಿಸಿರಲಿಲ್ಲ. ಬಾಗಿಲಲ್ಲಿ ನಿಂತು ಹವೆಯ ಬಗ್ಗೆ ಎರಡು ಮಾತಾಡಿ, ಥ್ಯಾಂಕ್ಸ್ ಹೇಳಿ, ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದೆವು. ನಾನಿರುವುದು ಅವನ ಎದುರು ಮನೆಯಲ್ಲೇ. ಆರೇಳು ವರ್ಷದಲ್ಲಿ ನಾನೂ ಅವನ ಹೊಸಿಲು ದಾಟಲಿಲ್ಲ.

ಕಳೆದ ವರ್ಷದ ಹೊತ್ತಿಗೆ ಕಾಲ ಬದಲಾಯಿತು. ಅಂಗಡಿಯ ಪಕ್ಕದಲ್ಲಿ ಪಾರ್ಸೆಲ್ ಇಡುವ ಬೀಗದ ಕಪಾಟುಗಳು ಬಂದವು. ಕೆಲವರು ಅಲ್ಲಿಗೇ ತರಿಸಿಕೊಳ್ಳತೊಡಗಿದರು, ಉಳಿದವರು ಬಾಗಿಲ ಪಕ್ಕಕ್ಕೆ ಮುಚ್ಚಳದ ಪೆಟ್ಟಿಗೆ ಜೋಡಿಸಿಕೊಂಡರು. ನನ್ನ ಗಂಡನೂ ಒಂದನ್ನು ತಂದು ಮೊಳೆ ಹೊಡೆದ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಪಾಪ ಆ ಮನುಷ್ಯನಿಗೆ ಯಾಕೆ ತೊಂದರೆ ಎಂದೇ ಮಾಡಿದೆವು. ಆ ಚಳಿಗಾಲದಲ್ಲಿ ಅವನ ಬಾಗಿಲು ತಟ್ಟುವುದು ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು.

ಫೆಬ್ರವರಿಯಲ್ಲಿ ಯೊಲಾಂಟಾ ಅವನಿಗೆ ಒಂದು ಸಣ್ಣ ಪೆಟ್ಟಿಗೆ ತಂದುಕೊಟ್ಟಳು. ಯಾರದಾದರೂ ಕೈಗೇ ಕೊಡಬೇಕಿದ್ದ ಪಾರ್ಸೆಲ್, ಹೊರಗೆ ಪೆಟ್ಟಿಗೆಯಲ್ಲಿ ಹಾಕುವಂತಿರಲಿಲ್ಲ. ಹತ್ತೊಂಬತ್ತನೇ ನಂಬರಿನ ಹೆಸ್ಟರ್ ಬೂತ್ ಅವರದು. ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದು ನಿವೃತ್ತರಾದ ಹೆಂಗಸು. ಗಂಡ ಸಿರಿಲ್ ತೀರಿಕೊಂಡು ಒಂದು ವರ್ಷವಾಗಿತ್ತು. ಅಂದು ಹೆಸ್ಟರ್ ಊರೊಳಗೆ ಹೋಗಿದ್ದರು. ಪೆಟ್ಟಿಗೆ ಹದಿನಾಲ್ಕರಲ್ಲಿದೆ ಎಂಬ ಚೀಟಿಯನ್ನು ಅವರ ಮನೆಗೆ ಹಾಕುವುದನ್ನು ಯೊಲಾಂಟಾ ಅವಸರದಲ್ಲಿ ಮರೆತಳು. ರಸೆಲ್ ಅಂದು ಒಗೆದ ಅಂಗಿ ಹಾಕಿಕೊಂಡು ಕಾದ. ಆಕೆ ಬರಲಿಲ್ಲ. ಮರುದಿನವೂ ಇಲ್ಲ. ನಲವತ್ತು ಹೆಜ್ಜೆ ನಡೆದರೆ ಕೊಟ್ಟು ಬರಬಹುದಿತ್ತು. ಕೊಟ್ಟರೆ ಮುಗಿಯಿತಲ್ಲ ಎಂದು ಅವನು ಹೋಗಲಿಲ್ಲ. ವಾರ ಕಳೆದ ಮೇಲೆ ಹೋಗುವುದೂ ಕಷ್ಟವಾಯಿತು. ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎಂದು ಕೇಳಿದರೆ ಏನು ಹೇಳುವುದು? ಪೆಟ್ಟಿಗೆಯನ್ನು ಮೇಲೆ ಹಸಿರು ಕೋಣೆಯ ಕಪಾಟಿನಲ್ಲಿಟ್ಟ.

ಒಂಬತ್ತನೆಯ ದಿನ ಹೆಸ್ಟರ್ ಮನೆಮನೆ ಕೇಳಿಕೊಂಡು ಬಂದರು. ನಮ್ಮ ಮನೆಗೂ ಬಂದಿದ್ದರು, ಕಣ್ಣು ಕೆಂಪಾಗಿತ್ತು. ಸಿರಿಲ್‌ನ ಕೈಗಡಿಯಾರವನ್ನು ರಿಪೇರಿಗೆ ಬರ್ಮಿಂಗ್‌ಹ್ಯಾಮ್‌ಗೆ ಕಳಿಸಿದ್ದರಂತೆ, ಅದು ನೆರೆಮನೆಗೆ ತಲುಪಿದೆ ಎಂದು ಫೋನಿನಲ್ಲಿ ತೋರಿಸುತ್ತಿದೆ, ಯಾವ ನೆರೆಮನೆಯೋ ತಿಳಿಯದು. ನಮ್ಮಲ್ಲಿಂದ ಹದಿನಾಲ್ಕಕ್ಕೆ ಹೋದರು. ರಸೆಲ್ ಬಾಗಿಲು ತೆರೆದು, ತನ್ನ ಬಳಿ ಬಂದಿಲ್ಲ ಎಂದುಬಿಟ್ಟ. ಆ ಮಾತು ಬಾಯಿಂದ ಹೊರಬಿದ್ದಾಗ ತನಗೇ ಆಶ್ಚರ್ಯವಾಯಿತೆಂದು ಅವನು ಆಮೇಲೆ ಹೇಳಿದ.

ಆದರೆ ಹೆಸ್ಟರ್ ಹೊರಡಲಿಲ್ಲ. ಬಾಗಿಲಲ್ಲೇ ನಿಂತು ಗಡಿಯಾರದ ಬಗ್ಗೆ, ಸಿರಿಲ್ ಬಗ್ಗೆ ಹೇಳತೊಡಗಿದರು. ಹೊರಗೆ ಚಳಿ. ಒಳಗೆ ಬನ್ನಿ, ಟೀ ಕುಡಿಯಿರಿ ಎಂದ. ಆಕೆ ಬಂದು ಅಡುಗೆಮನೆಯ ಟೇಬಲ್ ಮುಂದೆ ಕೂತರು. ಆ ಮನೆಯಲ್ಲಿ ಇಮೊಜೆನ್ ಬಿಟ್ಟರೆ ಕುರ್ಚಿಯಲ್ಲಿ ಕೂತ ಮೊದಲ ಮನುಷ್ಯರು ಅವರೇ.

ಮರುದಿನ ಕೊರಿಯರ್ ಕಂಪನಿಗೆ ಫೋನು ಮಾಡಲು ನೆರವಾಗುತ್ತೇನೆ ಎಂದ. ಇಬ್ಬರೂ ಒಂದು ಗಂಟೆ ಕಾಲ ಫೋನಿನೊಳಗಿನ ಸಂಗೀತ ಕೇಳುತ್ತಾ ಕೂತರು. ಅದರ ಮರುದಿನ ದೂರಿನ ಪತ್ರ ಬರೆದರು. ಹೆಸ್ಟರ್ ಓಟ್‌ಕೇಕ್ ತಂದಿದ್ದರು, ಓಟ್ಸ್ ಹಿಟ್ಟಿನ ಮೆತ್ತನೆಯ ದೋಸೆಯಂಥದ್ದು. ಅದರ ಮೇಲೆ ಚೀಸ್ ಕರಗಿಸಿ ಮಡಚಿ ಇಬ್ಬರೂ ತಿಂದರು. ಸಿರಿಲ್ ಆಸ್ಪತ್ರೆಯಲ್ಲಿದ್ದ ಕೊನೆಯ ದಿನ ಗಂಟೆ ಎಷ್ಟೆಂದು ಕೇಳುತ್ತಲೇ ಇದ್ದದ್ದು, ಗಡಿಯಾರ ನಿಂತುಹೋಗಿದ್ದರೂ ತಾನು ಸುಮ್ಮನೆ ಏನೋ ಒಂದು ಗಂಟೆ ಹೇಳುತ್ತಿದ್ದದ್ದು, ಎಲ್ಲ ಹೇಳಿಕೊಂಡರು. ಮಕ್ಕಳ ಹತ್ತಿರವೂ ಅದನ್ನು ಹೇಳಿರಲಿಲ್ಲವಂತೆ. ರಸೆಲ್ ತಲೆ ತಗ್ಗಿಸಿ ಕೇಳಿದ. ಅಷ್ಟು ಸಂತೋಷದ ವಾರ ಆ ಮನೆಯಲ್ಲಿ ತಾನು ಕಂಡದ್ದಿಲ್ಲ, ಅಷ್ಟು ಹೇಸಿಗೆಯ ವಾರವನ್ನೂ ಕಂಡದ್ದಿಲ್ಲ ಎಂದು ನನಗೆ ಹೇಳಿದ.

ನಾಲ್ಕನೆಯ ಸಲ ಆಕೆ ಅಲ್ಲೇ ಕೂತಿದ್ದಾಗ ಕಂಪನಿಯಿಂದ ಫೋನು ಬಂತು. ಹೆಸ್ಟರ್ ಕೇಳಿಸಿಕೊಂಡು, “ಹದಿನಾಲ್ಕಕ್ಕೆ ಕೊಟ್ಟೆ ಅಂತಾಳಾ? ಹದಿನಾಲ್ಕನೇ ನಂಬರಿನವರು ನನ್ನ ಎದುರಿಗೇ ಕೂತಿದ್ದಾರೆ. ಅಂಥವರಲ್ಲ ಅವರು” ಎಂದರು. ಫೋನಿಟ್ಟು, ಯೊಲಾಂಟಾಳನ್ನು ಕೆಲಸದಿಂದ ನಿಲ್ಲಿಸಿದ್ದಾರಂತೆ, ಕಳ್ಳಿಯ ಹಾಗೆ ಕಾಣುತ್ತಿರಲಿಲ್ಲ ಆಕೆ ಎಂದು ನಿಟ್ಟುಸಿರಿಟ್ಟರು.

ಹೆಸ್ಟರ್ ಮನೆಗೆ ಹೋದ ಮೇಲೆ ರಸೆಲ್ ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತಿದ್ದು, ಪೆಟ್ಟಿಗೆ ತೆಗೆದುಕೊಂಡು ಹತ್ತೊಂಬತ್ತಕ್ಕೆ ಹೋದ. ಬಾಗಿಲು ತೆರೆದ ಹೆಸ್ಟರ್ ಮೊದಲು ಪೆಟ್ಟಿಗೆ ನೋಡಿದರು, ಆಮೇಲೆ ಅವನನ್ನು.

“ಎಲ್ಲಿತ್ತು ಇದು?”

“ನಮ್ಮನೇಲೇ. ಮೇಲಿನ ಕೋಣೇಲಿ. ಮೊದಲನೇ ದಿನದಿಂದಾನೂ.”

“ಮರೆತಿದ್ರಾ?”

ಹೌದು ಎಂದಿದ್ದರೆ ಆಕೆ ನಂಬುತ್ತಿದ್ದರೇನೋ. ಅವನು ಇಲ್ಲ ಎಂದ. “ತಗೊಂಡು ಹೋಗೋಕೆ ಬರ್ತೀರಿ ಅಂತ ಕಾದೆ. ಬರ್ಲಿಲ್ಲ. ಆಮೇಲೆ ಬಂದ್ರಿ. ಕೊಟ್ಬಿಟ್ರೆ ಇನ್ನು ಬರಲ್ವಲ್ಲ ಅನ್ನಿಸ್ತು.”

ಹೆಸ್ಟರ್ ಪೆಟ್ಟಿಗೆಯನ್ನು ಅಲ್ಲೇ ಬಿಚ್ಚಿ ಗಡಿಯಾರವನ್ನು ಕಿವಿಗೆ ಹಿಡಿದರು. ಅದು ನಡೆಯುತ್ತಿತ್ತು.

“ಸಿರಿಲ್ ಹೋದ ದಿನದ್ದೆಲ್ಲ ನಿಮ್ಮ ಹತ್ರ ಹೇಳ್ದೆ,” ಎಂದರು. “ಅಷ್ಟು ಹೊತ್ತೂ ಇದು ನನ್ನ ತಲೆ ಮೇಲಿನ ಕೋಣೇಲೇ ಇತ್ತು.” ಗಡಿಯಾರವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, “ಟೀಗೆ ಬನ್ನಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ರಸೆಲ್. ಬರ್ತಿದ್ದೆ. ನಾನೇನು ಮಾಡ್ತಿದ್ದೆ ಅಂದ್ಕೊಂಡ್ರಿ ಆ ಮನೇಲಿ, ದಿನಪೂರ್ತಿ?” ಎಂದು ಬಾಗಿಲು ಹಾಕಿಕೊಂಡರು.

ಅವನು ಅಂದೇ ಕಂಪನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಯೊಲಾಂಟಾ ಮುಂದಿನ ವಾರ ವ್ಯಾನಿನಲ್ಲಿ ಮರಳಿ ಬಂದಳು. ಅವನು ಕ್ಷಮೆ ಕೇಳಲು ಹೋದಾಗ, “ನನಗೆ ಮಕ್ಕಳಿದ್ದಾರೆ” ಎಂದಷ್ಟೇ ಹೇಳಿ ವ್ಯಾನು ಹತ್ತಿದಳಂತೆ. ಸುದ್ದಿ ರಸ್ತೆಗೆಲ್ಲ ಹರಡಿತು. ಕಳ್ಳ ಎಂದವರಿದ್ದರು, ತಲೆ ಸರಿಯಿಲ್ಲ ಎಂದವರಿದ್ದರು. ನಾನು ಎರಡನ್ನೂ ಅನ್ನಲಿಲ್ಲ, ಅವನ ಪರವಾಗಿಯೂ ಏನನ್ನೂ ಅನ್ನಲಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಅವನು ಮನೆ ಮುಂದೆ ಒಬ್ಬನೇ ಕಳೆ ಕೀಳುತ್ತಿದ್ದ. ನನಗೆ ಏನನ್ನಿಸಿತೋ, ರಸ್ತೆ ದಾಟಿ ಹೋಗಿ, ಟೀ ಇದೆಯಾ ಎಂದು ಕೇಳಿದೆ. ಅಡುಗೆಮನೆಯಲ್ಲಿ ಕೂತು ಅವನು ಈ ಕಥೆಯನ್ನೆಲ್ಲ ಹೇಳಿದ. ಉಳಿದದ್ದನ್ನು ಹೆಸ್ಟರ್ ಬಾಯಿಂದ ಕೇಳಿದ್ದೆ. ಮನೆ ಮಾರಿ ಹೋಗೋಣ ಅಂತಿದ್ದೆ, ಆದರೆ ಇದಕ್ಕಿಂತ ಕಡಿಮೆಗೆ ಸಿಗುವ ಜಾಗ ಯಾವುದಿದೆ ಎಂದ. ತಮಾಷೆಗೆ ಹೇಳಿದ್ದಲ್ಲ. ಹೊರಡುವಾಗ, ಇನ್ನೊಂದು ಭಾನುವಾರ ಬರುತ್ತೇನೆ ಎಂದೆ. ಕೆಲವು ಭಾನುವಾರ ಹೋಗುತ್ತೇನೆ, ಕೆಲವು ಸಲ ತಪ್ಪುತ್ತದೆ.

ಹೆಸ್ಟರ್ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಅವನು ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಮೊನ್ನೆ ಜೂನ್‌ನಲ್ಲಿ ಒಂದು ಬೆಳಿಗ್ಗೆ, ಅವನಿಗೆ ರಜೆ, ನಾವು ಮೂವರೂ ಬಸ್ ನಿಲ್ದಾಣದಲ್ಲಿ ಸೇರಿದೆವು. ಬಸ್ಸು ತಡವಾಗಿತ್ತು. ಬಸ್ಸು ಬಂದಾಗ ಅವನು ಹಿಂದೆ ಸರಿದು ಆಕೆಗೆ ಮೊದಲು ಹತ್ತಲು ಬಿಟ್ಟ. ಆಕೆ ಮುಂದಿನ ಸೀಟಿನಲ್ಲಿ, ನಾನು ಪಕ್ಕದಲ್ಲಿ ಕೂತೆವು, ಅವನು ಬಹಳ ಹಿಂದೆ ಕೂತ. ಊರೊಳಗೆ ಇಳಿಯುವಾಗ ಹೆಸ್ಟರ್ ತಿರುಗಿ ನೋಡಿ, “ವಾಪಸ್ ಬಸ್ಸು ಹನ್ನೆರಡೂ ಇಪ್ಪತ್ತಕ್ಕೆ. ಅದು ತಪ್ಪಿದ್ರೆ ಇನ್ನೊಂದು ಗಂಟೆ ನಿಂತಿರ್ಬೇಕು” ಎಂದರು. ಹೇಳಿದ್ದು ನನಗಲ್ಲ, ನಾನು ಸಂಜೆಯವರೆಗೂ ಊರಲ್ಲೇ ಇರುವವಳೆಂದು ಆಕೆಗೆ ಗೊತ್ತಿತ್ತು.

ರಸೆಲ್ ತಲೆಯಾಡಿಸಿದ. ಆಕೆ ಚೀಲ ಎತ್ತಿಕೊಂಡು ಇಳಿದು ಮಾರುಕಟ್ಟೆಯ ಕಡೆಗೆ ನಡೆದರು.