ಮೂರು ಫ್ರೇಮು ತಡ

ಕತ್ತರಿ ಮಾವನ ಎಡಿಟಿಂಗ್ ಕೋಣೆ ಎಷ್ಟು ಚಿಕ್ಕದೆಂದರೆ, ಒಳಗಿದ್ದ ಇಬ್ಬರೂ ಸರದಿಯ ಮೇಲೆ ಆಕಳಿಸಬೇಕು. ಕಿಟಕಿಯಿಲ್ಲ. ಗೋಡೆಗೆಲ್ಲ ಸದ್ದು ನುಂಗುವ ಸ್ಪಂಜು. ನಿಟ್ಟುಸಿರು ಬಿಟ್ಟರೂ ಗುಳುಂ ಮಾಡಿಬಿಡುತ್ತದೆ. ಮಾವನ ಅಕ್ಕನ ಮಗಳು ಪುಟ್ಟಿ ಆ ಗೂಡಿನಲ್ಲಿ ಕೆಲಸ ಕಲಿಯಲು ಕೂತು ಹನ್ನೊಂದು ದಿನವಾಗಿತ್ತು. ಹನ್ನೊಂದು ಯುಗ ಎಂದರೂ ಸುಳ್ಳಲ್ಲ.

ಇವತ್ತು ಮೂರು ಗಂಟೆಗೆ ಸುದ್ದಿವಾಹಿನಿಯೊಂದರಲ್ಲಿ ಅವಳಿಗೆ ಎಡಿಟರ್ ಕೆಲಸದ ಪರೀಕ್ಷೆ. ಏಳಂತಸ್ತಿನ ಕಟ್ಟಡ, ಅಂತಸ್ತಿಗೆ ಸಾವಿರ ಕಿಟಕಿ! ಮಾವನದು ಒಂದೇ ಷರತ್ತು: ಹೆಡ್‌ಮೇಷ್ಟ್ರ ಬೀಳ್ಕೊಡುಗೆಯ ಎರಡು ಗಂಟೆಯ ವಿಡಿಯೊ ಐದು ನಿಮಿಷಕ್ಕಿಳಿದರೆ ಹೋಗಬಹುದು. ಅದೂ ಮೌಸ್ ಮುಟ್ಟದೆ.

"ಮೌಸ್ ಹಿಡ್ಕೊಂಡು ಎಡಿಟ್ ಮಾಡೋದು ಅಂದ್ರೆ ಗೋಡೆ ಹಿಡ್ಕೊಂಡು ಓಡಿದ ಹಾಗೆ," ಎಂದ ಮಾವ. ಕೀಲಿಮಣೆಯ ಮೇಲೆ ಅವನ ಬೆರಳ ಓಟ ನೋಡಿ ಫ್ಯಾನೇ ನಾಚಿ ನಿಲ್ಲುತ್ತಿತ್ತು. "ಜೆ ಹಿಂದಕ್ಕೆ, ಕೆ ನಿಲ್ಲೋಕೆ, ಎಲ್ ಮುಂದಕ್ಕೆ. ಐ ಒತ್ತಿದ್ರೆ ತುಣುಕಿನ ಶುರು, ಓ ಒತ್ತಿದ್ರೆ ಕೊನೆ. ಇಷ್ಟೇ ಕಣೇ ವಿದ್ಯೆ, ಉಳಿದಿದ್ದೆಲ್ಲ ಶೋಕಿ."

ಪುಟ್ಟಿ ಕೊಯ್ದಳು. ಕೆಮ್ಮು, ಆಕಳಿಕೆ, ಮೂರು ಮಂದಿಯ ಸ್ವಾಗತ ಭಾಷಣ, ಎಲ್ಲ ಉರುಳಿದವು. ಒಂದು ತುಣುಕು ಅಳಿಸಿದರೆ ಅದರ ನಂತರದ್ದೆಲ್ಲ ಸರಿದು ಸಂದು ಮುಚ್ಚಿಕೊಳ್ಳುತ್ತದೆ. ಆದರೆ ಧ್ವನಿಯ ಸಾಲಿಗೆ ಬೀಗ ಹಾಕಿದ್ದನ್ನು ಅವಳು ಮರೆತಿದ್ದಳು. ಚಿತ್ರ ಸರಿಯಿತು, ಧ್ವನಿ ಕದಲಲಿಲ್ಲ. ಹೆಡ್‌ಮೇಷ್ಟ್ರು ಬಾಯಿ ತೆರೆದರೆ ನಿರೂಪಕಿಯ ಕೀರಲು ದನಿ: "ಈಗ ಪುಟಾಣಿಗಳಿಂದ ನೃತ್ಯ!"

"ನಿವೃತ್ತಿ ಆದ್ಮೇಲೆ ಇದೇ ಕಸುಬೇನೇ ಅವರದು?" ಮಾವ ನಕ್ಕ ರಭಸಕ್ಕೆ ಸ್ಪಂಜು ಕಿತ್ತುಬರುವುದೊಂದು ಬಾಕಿ.

ಪುಟ್ಟಿ ಹಲ್ಲು ಕಚ್ಚಿ, ಮಾಡಿದ್ದನ್ನೆಲ್ಲ ರದ್ದು ಮಾಡುತ್ತ ನಲವತ್ತು ಹೆಜ್ಜೆ ಹಿಂದೆ ಹೋದಳು, ಬೀಗ ತೆಗೆದಳು, ಮತ್ತೆ ಕೊಯ್ದಳು. ಎರಡೂ ಇಪ್ಪತ್ತಕ್ಕೆ ಐದು ನಿಮಿಷದ ಚಿತ್ರ ಸಿದ್ಧ. ನೋಡಿದ ಮಾವನ ಕಣ್ಣಲ್ಲಿ ಒಂದು ಬಕೆಟ್ ನೀರು.

"ಮೇಷ್ಟ್ರ ಹೆಂಡ್ತಿ ಚಿತ್ರದಲ್ಲಿ ಇನ್ನೊಂದ್ಸಲ ಬರ್ಲಿ. ಎರಡು ನಿಮಿಷದ ಕೆಲಸ."

ಬಂದರು.

"ಹಾಡು ಚೂರು ತಗ್ಗಿಸು. ಇದೊಂದೇ."

ತಗ್ಗಿತು.

"ಇನ್ನೊಂದ್ಸಲ ಬಾಯಿಬಿಟ್ರೆ ನಿನ್ನನ್ನೇ ಕಟ್ ಮಾಡ್ತೀನಿ ಮಾವ!" ಪುಟ್ಟಿ ಚೀಲ ಹೆಗಲಿಗೇರಿಸಿದಳು.

"ಹೋಗಮ್ಮ ತಾಯಿ, ಯಾರು ಹಿಡ್ಕೊಂಡಿದ್ದಾರೆ?" ಮಾವನೇ ಬಾಗಿಲು ತೆರೆದ. ಬಿಸಿಲು ಮುಖಕ್ಕೆ ರಪ್ಪೆಂದು ಬಡಿಯಿತು. ಇಪ್ಪತ್ತು ನಿಮಿಷವಿದೆ, ಕಟ್ಟಡ ಹತ್ತು ನಿಮಿಷದ ದಾರಿ.

ಬೆನ್ನ ಹಿಂದೆ ಚಿತ್ರ ಓಡುತ್ತಲೇ ಇತ್ತು. ಒಂದು ಕಾಲು ಹೊರಗಿಟ್ಟವಳು ಹೊರಳಿ ನೋಡಿದಳು. ಮಕ್ಕಳು ಕೈ ಬೀಸಿದರು. ಗೇಟಿನ ಬಳಿ ಹೆಡ್‌ಮೇಷ್ಟ್ರು ತಿರುಗಿದರು.

"ಮಾವ, ಅವರು ತಿರುಗೋದು ಮೂರು ಫ್ರೇಮು ತಡ ಆಯ್ತಲ್ವಾ?"

"ನಂಗೇನೂ ಕಾಣ್ಲಿಲ್ಲಪ್ಪ."

ಸೆಕೆಂಡಿಗೆ ಇಪ್ಪತ್ತೈದು ಫ್ರೇಮು ಓಡುವಾಗ ಆ ಮೂರು, ಮೂರು ಲೋಕದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಅವಳಿಗೆ ಕಂಡಿತ್ತು. ಚೀಲದ ಸಮೇತ ಬಂದು, ನಿಂತೇ ಜೆ ಒತ್ತಿದಳು. ಆ ಮೂರು ಫ್ರೇಮು ಹೋದದ್ದೇ ತಡ, ಅದರ ಹಿಂದಿನ ತುಣುಕು ಉದ್ದ ಅನ್ನಿಸಿತು. ಅದನ್ನು ಮೊಟಕಿದರೆ ಅದರ ಹಿಂದಿನದು ಕಾಡಿತು. ಯಾವಾಗ ಕೂತಳೋ ಅವಳಿಗೇ ಗೊತ್ತಿಲ್ಲ.

ಗಡಿಯಾರ ಮೂರೂವರೆ ದಾಟಿದ್ದು ಕಂಡಾಗ ಅವಳು ಏಳಲೂ ಇಲ್ಲ, ಬೈಯಲೂ ಇಲ್ಲ.

"ಆ ಬಾಗಿಲು ಹಾಕು ಮಾವ," ಎಂದಳು. "ಬೆಳಕು ಪರದೆ ಮೇಲೆ ಬೀಳ್ತಿದೆ."