ಎಲ್ಲರೂ ಹತ್ತಿದ ಮೇಲೆ

"ಮೊದ್ಲು ಹೆಂಗಸ್ರು ಹತ್ಕೊಳ್ಳಿ, ಒಳಗಡೆ ಹೋಗಿ, ಮುಂದೆ ಖಾಲಿ ಇದೆ" ಎಂದು ಶೀನಣ್ಣ ಗುಡುಗಿದ ರಭಸಕ್ಕೆ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದ ಸೂರಿನ ಪಾರಿವಾಳಗಳು ಎದ್ದು ಲಾಲ್‌ಬಾಗ್ ಸೇರಿಕೊಂಡವು. ಗಂಡ ಹೆಂಡತಿ ಮಲ್ಲೇಶ್ವರದ ಒಂದು ನಾಮಕರಣಕ್ಕೆ ಹೊರಟಿದ್ದರು. ಹೆಂಡತಿ ಭಾಗೀರಥಮ್ಮನನ್ನು ಮೊದಲು ಹತ್ತಿಸಿದ. ಮಗು ಎತ್ತಿಕೊಂಡವಳೊಬ್ಬಳಿಗೆ ದಾರಿ ಬಿಡಲು ಹೆಂಡತಿಯ ಕೈ ಬಿಟ್ಟ. ಅವಳ ಹಿಂದೆ ಕಾಲೇಜು ಹುಡುಗಿಯರು, ಅವರ ಹಿಂದೆ ಊರಿಗೆ ಊರೇ. ಸಿಟಿ ಬಸ್ಸಿನ ಕಂಡಕ್ಟರ್ ಎಲ್ಲರೂ ಹತ್ತಿದ ಮೇಲೆ ಹತ್ತುವವನು. ನಿವೃತ್ತಿಯಾದರೂ ಶೀನಣ್ಣನ ಕಾಲಿಗೆ ಬೇರೆ ಪದ್ಧತಿ ಗೊತ್ತಿರಲಿಲ್ಲ.

ಚಾಮರಾಜಪೇಟೆಯೇನು, ಕಾಶಿಯಿಂದ ರಾಮೇಶ್ವರದವರೆಗೆ ಹುಡುಕಿದರೂ ಅವನಂಥ ಕಂಡಕ್ಟರ್ ಸಿಗುತ್ತಿರಲಿಲ್ಲ. ಸುಲ್ತಾನ್‌ಪೇಟೆಯ ಇಕ್ಕಟ್ಟಿನಲ್ಲಿ ಬಸ್ಸಿನ ತಗಡಿಗೆ ಬಡಿದು "ಹೋಲ್ಡಾನ್" ಎಂದನೆಂದರೆ ಬಸ್ಸಿರಲಿ, ಎದುರಿನ ಲಾರಿ, ಪಕ್ಕದ ಮದುವೆ ದಿಬ್ಬಣ, ಮೇಲಿನ ಮೋಡ ಎಲ್ಲವೂ ನಿಲ್ಲುತ್ತಿದ್ದವು. ಒಮ್ಮೆ ದೂರದಿಂದ ಬರುತ್ತಿದ್ದ ಬಸುರಿಗಾಗಿ ಎಷ್ಟು ಹೊತ್ತು ಬಸ್ಸು ನಿಲ್ಲಿಸಿದನೆಂದರೆ, ಅವಳು ಹತ್ತುವಷ್ಟರಲ್ಲಿ ಮಗುವಿಗೆ ಅರ್ಧ ಟಿಕೆಟ್ ಕೊಡುವ ವಯಸ್ಸಾಗಿತ್ತು.

ಅಂಥವನ ಹೆಂಡತಿಗೆ ಈಚೆಗೆ ಮರೆವು. ಮೊದಲು ಸಾರಿಗೆ ಉಪ್ಪು ಮರೆತಳು, ಆಮೇಲೆ ತವರಿನ ಬೀದಿ. ಯುಗಾದಿಯ ದಿನ ಹೆತ್ತ ಮಗಳು ವಾಣಿಯನ್ನೇ "ಯಾರಮ್ಮಾ ನೀವು?" ಎಂದು ಕೇಳಿದಳು. ವಾಣಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಭಾಗೀರಥಮ್ಮ ಗಂಡನನ್ನು ಮಾತ್ರ ಮರೆತಿರಲಿಲ್ಲ. ಶಂಕರಪುರದ ಹಾಲಿನ ಬೂತಿನೆದುರು ಶೀನಣ್ಣ ದಿನಾ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ: "ಪ್ರಪಂಚಾನೇ ಮರೀಲಿ, ನನ್ನ ಮರೀತಾಳಾ? ಏಳು ಜನ್ಮ ಮುಗಿಸಿ ಎಂಟನೇದ್ರಲ್ಲೂ ನನ್ನೇ 'ರೀ' ಅಂತಾಳೆ."

ಮೆಟ್ರೋ ಬಾಗಿಲು ಕೀಂ ಕೀಂ ಎಂದಿತು. ಶೀನಣ್ಣ ಕಾಲೆತ್ತುವಷ್ಟರಲ್ಲಿ ಎರಡು ಗಾಜುಗಳೂ ಕೂಡಿಕೊಂಡವು.

"ಹೋಲ್ಡಾನ್" ಎಂದು ಅಂಗೈಯಿಂದ ಗಾಜಿಗೆ ಬಡಿದ. ಆ ಸದ್ದು ಮೈಸೂರಿಗೂ ಕೇಳಿರಬೇಕು, ರೈಲಿಗೆ ಕೇಳಲಿಲ್ಲ. ಒಳಗೆ ಭಾಗೀರಥಮ್ಮ ಬಾಗಿಲ ಕಡೆ ತಿರುಗಿದ್ದು ಕಂಡಿತು, ಅಷ್ಟೆ. ಕಾವಲಿನ ಹುಡುಗಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಅವನು ತೊದಲಿದ್ದನ್ನೆಲ್ಲ ಕೇಳಿಸಿಕೊಂಡು, ಹಸಿರು ಸೀರೆಯ ಅಜ್ಜಿಯೊಬ್ಬರಿದ್ದಾರೆ, ಇಳಿಸಿಕೊಳ್ಳಿ ಎಂದು ಮುಂದಿನ ನಿಲ್ದಾಣಕ್ಕೆ ವಾಕಿಟಾಕಿಯಲ್ಲಿ ಹೇಳಿದಳು. ಮುಂದಿನ ರೈಲು ಬರುವಷ್ಟರಲ್ಲಿ ಶೀನಣ್ಣನ ಸರ್ವೀಸೆಲ್ಲ ಮತ್ತೊಮ್ಮೆ ಕಳೆಯಿತು. ಜನ್ಮದಲ್ಲಿ ಮೊದಲ ಸಲ ಎಲ್ಲರನ್ನೂ ತಳ್ಳಿಕೊಂಡು ತಾನೇ ಮೊದಲು ಹತ್ತಿದ.

ಮಾರ್ಕೆಟ್ ನಿಲ್ದಾಣದಲ್ಲಿ ಅವಳು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಕಾವಲಿನವಳು. ಏದುಸಿರು ಬಿಡುತ್ತ ಶೀನಣ್ಣ ಎದುರು ನಿಂತಾಗ ಭಾಗೀರಥಮ್ಮ ತಲೆಯೆತ್ತಿ ನೋಡಿದಳು. ಅವಳ ಮುಖ ಸಡಿಲವಾಯಿತು.

"ಸದ್ಯ, ಬಂದ್ರಲ್ಲ. ಕಂಡಕ್ಟ್ರೇ, ನಮ್ಮನೆಯವ್ರು ಹತ್ತಿದ್ರಾ?"

ಶೀನಣ್ಣ ಅವಳನ್ನೇ ನೋಡಿದ. ಕಾವಲಿನವಳು ಅವನನ್ನು ನೋಡಿದಳು.

"ಹತ್ತಿದಾರಮ್ಮ" ಎಂದ. "ಹಿಂದ್ಗಡೆ ಇದಾರೆ. ಬನ್ನಿ, ಹೋಗೋಣ."

ಮನೆಯ ಕಡೆಯ ರೈಲಿನಲ್ಲಿ ಯಾರೋ ಎದ್ದು ಅವಳಿಗೆ ಜಾಗ ಕೊಟ್ಟರು. ಪಕ್ಕದ ಸೀಟೂ ಖಾಲಿಯಾಯಿತು. ಭಾಗೀರಥಮ್ಮ ಸೊಂಟದಿಂದ ಕರ್ಚೀಫು ತೆಗೆದು, ಮಡಿಕೆ ಬಿಡಿಸಿ, ಆ ಸೀಟಿನ ಮೇಲೆ ಹಾಸಿದಳು. ಯಾರೂ ಕೂರದಂತೆ ಅದರ ಮೇಲೆ ಅಂಗೈಯಿಟ್ಟುಕೊಂಡು ಬೋಗಿಯ ಹಿಂಭಾಗದತ್ತ ನೋಡುತ್ತ ಕೂತಳು. ಶೀನಣ್ಣ ಅವಳೆದುರು ಕಂಬ ಹಿಡಿದು ನಿಂತ.