ಬಾಯಿ ಬಂದ ಕಾಲ್ಚೀಲ

ನಾನು ಒಂದು ಕಾಲ್ಚೀಲ. ಹೆಣಿಗೆ ಯಂತ್ರದಲ್ಲಿ ಅವಳಿಯಾಗಿ ಹುಟ್ಟಿದೆ. ನೀಲಿ ಮೈ, ಬಿಳಿ ಅಂಚು. ಹಾಸನದ ಇಂದುಮತಿ ತನ್ನ ಮಗಳು ನಿಧಿಯ ಶಾಲೆಗೆಂದು ನಮ್ಮಿಬ್ಬರನ್ನೂ ಕೊಂಡಳು. ಆಗ ನನಗೆ ಲೋಕವೆಂದರೆ ಬೂಟಿನೊಳಗಿನ ಕತ್ತಲೆ ಮತ್ತು ಬೆವರು. ಒಂದು ದಿನ ಒಣಹಾಕಿದ ತಂತಿಯಿಂದ ಗಾಳಿಗೆ ಹಾರಿದ ನನ್ನ ಜೊತೆಗಾರ ಮತ್ತೆ ಸಿಗಲಿಲ್ಲ. ಒಂಟಿ ಕಾಲ್ಚೀಲಕ್ಕೆ ಕಿಟಕಿ ಸರಳು ಒರೆಸುವುದೇ ಗತಿ.

ಆದರೆ ಜ್ವರ ಬಂದು ಮಲಗಿದ್ದ ನಿಧಿಯನ್ನು ನಗಿಸಲು ಇಂದುಮತಿ ನನ್ನೊಳಗೆ ಕೈ ತೂರಿಸಿದಳು. ಎರಡು ಗುಂಡಿ ಹೊಲಿದಾಗ ಕಣ್ಣು ಬಂತು, ಬಸಮ್ಮಜ್ಜಿ ಎಂಬ ಹೆಸರೂ ಬಂತು. ನನ್ನ ಹರಟೆಯನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಳು. ಜನ ನಕ್ಕರು. ನನಗೆ ಕಾಲಿನಿಂದ ಕೈಗೆ ಬಡ್ತಿ!

ಒಂದು ಮಧ್ಯಾಹ್ನ ಇಂದುಮತಿ ನನ್ನನ್ನು ಕೈಗೆ ತೊಟ್ಟೇ ಕಾಮೆಂಟು ಓದುತ್ತಿದ್ದಳು. ಯಾವನೋ ಬರೆದಿದ್ದ: "ಥೂ, ನಿನ್ನ ಮುಖಕ್ಕಿಂತ ಆ ಕಾಲ್ಚೀಲವೇ ವಾಸಿ. ಎರಡನ್ನೂ ತಿಪ್ಪೆಗೆ ಎಸಿ." ಅದರ ಕೆಳಗೆ ಒಬ್ಬ ತಾಯಿ ಬರೆದಿದ್ದರು: "ಅಜ್ಜಿ ಮಾತಾಡುವಾಗ ಅವಳ ಬಾಯೇ ಅಲ್ಲಾಡಲ್ಲ, ನಿಮ್ಮ ತುಟಿ ಅಲ್ಲಾಡುತ್ತೆ. ನನ್ನ ಮಗ ಬೊಂಬೆ ಬಿಟ್ಟು ನಿಮ್ಮನ್ನೇ ನೋಡ್ತಾನೆ."

ಇಂದುಮತಿ ಮೊದಲನೆಯವನೊಂದಿಗೆ ಜಗಳಕ್ಕೆ ಕೂತಳು. ಒಲೆಯ ಮೇಲೆ ಪಲ್ಯ ಸೀದಿತು. ಕೊನೆಗೆ ಇಬ್ಬರನ್ನೂ ಬ್ಲಾಕ್ ಮಾಡಿ, ನನ್ನನ್ನು ಒರೆಸುವ ಬಟ್ಟೆಗಳ ಬಕೆಟ್ಟಿಗೆ ಎಸೆದಳು.

"ಇನ್ನು ಬಸಮ್ಮಜ್ಜಿ ಇಲ್ಲ ಅತ್ತೆ. ಸಾಕಾಯ್ತು."

ಸೀದ ವಾಸನೆಗೆ ಓಡಿಬಂದಿದ್ದ ಅತ್ತೆ ಪುಟ್ಟಲಕ್ಷ್ಮಮ್ಮ ಎರಡೂ ಕಾಮೆಂಟು ಓದಿಸಿಕೊಂಡು ಕೇಳಿದರು. "ಅಲ್ಲ ಕಣೇ, ಸಾರಿಗೆ ಉಪ್ಪು ಕಮ್ಮಿ ಅಂದೋರೂ ಎಲೆ ಮೇಲೆ ಉಗಿದು ಎದ್ದುಹೋದೋರೂ ಒಂದೇನಾ? ಉಪ್ಪು ಕಮ್ಮಿ ಅಂದೋರು ಇನ್ನೂ ಎಲೆ ಮುಂದೇನೇ ಕೂತವ್ರೆ. ಬಡಿಸ್ಬೇಡ್ವಾ?"

"ಮತ್ತೆ ಉಗಿದೋನಿಗೆ?"

"ಅವನ ಎಲೆ ಎತ್ತಿಬಿಡು. ಅವನ ಹಿಂದೆ ಬೀದಿಗೆ ಹೋದ್ರೆ ಇಲ್ಲಿ ಪಲ್ಯ ಸೀಯುತ್ತೆ. ಸೀದೋಯ್ತಲ್ಲ, ನೋಡು!"

ಇಂದುಮತಿಗೆ ನಗು ಬಂತು. ನನ್ನನ್ನು ಬಕೆಟ್ಟಿನಿಂದ ಎತ್ತಿ ತೊಳೆದು ಹಿಂಡಿದಳು. ಆ ತಾಯಿಯನ್ನು ಮಾತ್ರ ಅನ್‌ಬ್ಲಾಕ್ ಮಾಡಿ, "ನೀವು ಹೇಳಿದ್ದು ನಿಜ" ಎಂದು ಬರೆದಳು. ಆಮೇಲೆ ಕತ್ತರಿ ಬಂತು. ನೋವಾಯಿತು, ಸುಳ್ಳೇಕೆ? ಮುಂತುದಿಯನ್ನು ಸೀಳಿ, ಒಳಗೆ ಕೆಂಪು ಬಟ್ಟೆ ಹೊಲಿದು ನನಗೆ ನಿಜವಾದ ಬಾಯಿ ಕೊಟ್ಟಳು. ತಾನು ಮೇಜಿನ ಹಿಂದೆ ಅಡಗಿ ಕೂತು ಕೈ ಮಾತ್ರ ಮೇಲೆತ್ತಿದಳು. ಮರುವಾರ ಆ ತಾಯಿಯ ಕಾಮೆಂಟು: "ಇವತ್ತು ಮಗ ಅಜ್ಜಿಗೇ ಉತ್ತರ ಕೊಟ್ಟ!"

ಈಗ ನನ್ನ ಹಿಮ್ಮಡಿ ಸವೆದಿದೆ. ಹೊಲಿಗೆ ಡಬ್ಬಿಯಲ್ಲಿ ವಾಸ, ಹಬ್ಬಕ್ಕೊಂದು ವಿಡಿಯೊ. ಮೊನ್ನೆ ಯಾರೋ "ಅಜ್ಜಿಯ ಎಡಗಣ್ಣು ಸೊಟ್ಟ" ಎಂದು ಬರೆದರಂತೆ. ಇಂದುಮತಿ ಕನ್ನಡಕ ಏರಿಸಿ ನೋಡಿದಳು. ಹೌದು, ಗುಂಡಿ ಜೋತುಬಿದ್ದಿತ್ತು. ಸೂಜಿ ಚುಚ್ಚಿದಾಗ ಈ ಸಲ ನನಗೆ ಖುಷಿಯೇ ಆಯಿತು. ಈ ಮುದಿ ಕಾಲ್ಚೀಲವನ್ನು ಯಾರೋ ಅಷ್ಟು ಹತ್ತಿರದಿಂದ ನೋಡಿದ್ದಾರಲ್ಲ!